ಡಾಯ್ಚ್ ಮಾರ್ಕ್: ಆ ಭಾನುವಾರದ ಲೆಕ್ಕ ಯಾರ ತಲೆಗೆ?

ಹಳೆನಾಣ್ಯ:
ಅಪ್ಪನ ಟ್ರಂಕಿನಲ್ಲಿ ಜರ್ಮನಿಯ ಹಳೆಯ ಹಣವಾದ ಡಾಯ್ಚ್ ಮಾರ್ಕಿನ, ಹತ್ತು ಮಾರ್ಕಿನ ಒಂದು ನೋಟು ಸಿಕ್ಕಿತು. 1990ರ ದಶಕದಲ್ಲಿ ಅವರು ತರಬೇತಿಗೆಂದು ಸ್ಟುಟ್‌ಗಾರ್ಟ್‌ಗೆ ಹೋಗಿದ್ದರು. ನೋಟಿನ ಮೇಲೆ ಗಣಿತಜ್ಞ ಗೌಸ್‌ನ ಮುಖ, ಪಕ್ಕದಲ್ಲಿ ಗಂಟೆಯಾಕಾರದ ವಕ್ರರೇಖೆ, ಅದರ ಸೂತ್ರ ಸಮೇತ. ಹಣದ ಮೇಲೆ ಸೂತ್ರ ಅಚ್ಚು ಹಾಕಿದ ದೇಶದ ಮೇಲೆ ಗೌರವ ಹುಟ್ಟಿ ಅದರ ಚರಿತ್ರೆಯನ್ನು ಓದತೊಡಗಿದೆ. 1948ರ ಜೂನ್ 20, ಭಾನುವಾರ. ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ ಗೆದ್ದವರ ಕೈಯಲ್ಲಿತ್ತು. ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ವಶದಲ್ಲಿದ್ದ ಮೂರು ವಲಯಗಳಲ್ಲಿ ಹಳೆಯ ರೈಶ್‌ಮಾರ್ಕ್ ರದ್ದಾಯಿತು, ತಲೆಗೆ 40 ಹೊಸ ಮಾರ್ಕ್ ಕೈಗೆ ಬಂತು. ಮರುದಿನ ಖಾಲಿ ಅಂಗಡಿಗಳೆಲ್ಲ ತುಂಬಿಕೊಂಡವು. ಇಷ್ಟು ಶುದ್ಧವಾದ ನೋಟು ಬದಲಾವಣೆ ಬೇರೆಲ್ಲಾದರೂ ನಡೆದಿದೆಯೇ?

ಖಾತೆಕಿರ್ದಿ:
ಸೋಮವಾರ ಬೆಳಗ್ಗೆ ಕಾಣಿಸಿಕೊಂಡ ಪಾತ್ರೆ, ಬೂಟು, ಸೈಕಲ್ ಟೈರುಗಳು ಭಾನುವಾರ ರಾತ್ರಿ ತಯಾರಾದವೇ? ಹೊಸ ಹಣ ಬರುತ್ತದೆ ಎಂಬ ವಾಸನೆ ಹತ್ತಿ ವ್ಯಾಪಾರಿಗಳು ಗೋದಾಮಿನಲ್ಲಿ ಬಚ್ಚಿಟ್ಟದ್ದು ಅದು. ಜನ ಹಸಿದಿದ್ದಾಗ ಮುಚ್ಚಿಟ್ಟು, ನೋಟು ಬಂದ ಮೇಲೆ ತೆರೆದರು. ‘ಶುದ್ಧ’ ಎಂಬ ನಿಮ್ಮ ಮಾತಿಗೆ ಇನ್ನೊಂದು ಅಂಕಿ ಕೊಡುತ್ತೇನೆ. ಬ್ಯಾಂಕಿನಲ್ಲಿ ನೂರು ರೈಶ್‌ಮಾರ್ಕ್ ಇಟ್ಟವನಿಗೆ ಕೊನೆಗೆ ದಕ್ಕಿದ್ದು ಆರೂವರೆ ಹೊಸ ಮಾರ್ಕ್. ಮನೆ, ಕಾರ್ಖಾನೆ, ಜಮೀನು ಇದ್ದವನ ಆಸ್ತಿ ಮಾತ್ರ ಇದ್ದಂತೆಯೇ ಉಳಿಯಿತು. ಅವನ ಸಾಲವೂ ಹತ್ತಕ್ಕೆ ಒಂದಾಗಿ ಕರಗಿತು.

ಅಶ್ವತ್ಥಕಟ್ಟೆ:
ಆ ನೂರು ರೈಶ್‌ಮಾರ್ಕ್‌ಗೆ ಆಗ ಏನು ಬರುತ್ತಿತ್ತು ಎಂದೂ ಹೇಳಬೇಕಲ್ಲ? ಯುದ್ಧಕ್ಕಾಗಿ ಹಣ ಅಚ್ಚಾಗುತ್ತಲೇ ಇತ್ತು, ಬೆಲೆಗಳನ್ನು ಮಾತ್ರ 1936ರಿಂದ ಕಾನೂನಿನ ಹಗ್ಗದಲ್ಲಿ ಕಟ್ಟಿಹಾಕಿದ್ದರು. ಪಡಿತರ ಚೀಟಿ ಇಲ್ಲದೆ ಕೈಯಲ್ಲಿ ಎಷ್ಟು ನೋಟಿದ್ದರೂ ಪ್ರಯೋಜನವಿರಲಿಲ್ಲ, ಕಾಳಸಂತೆಯಲ್ಲಿ ಅಮೆರಿಕದ ಸಿಗರೇಟೇ ನಾಣ್ಯ. ಸತ್ತ ಹಣವನ್ನು ಹೂಳಿದ್ದಕ್ಕೆ ಅಳುವುದೇಕೆ? ನಿಜವಾದ ಧೈರ್ಯ ಆಗ ಆರ್ಥಿಕ ಆಡಳಿತದ ಹೊಣೆ ಹೊತ್ತಿದ್ದ ಲುಡ್ವಿಗ್ ಎರ್ಹಾರ್ಡ್‌ನದು. ನೋಟು ಬದಲಾಗುವಾಗಲೇ ಬಹುಪಾಲು ವಸ್ತುಗಳ ಬೆಲೆ ನಿಯಂತ್ರಣವನ್ನೂ ಕಿತ್ತುಹಾಕಿದ. ಬರೀ ನೋಟು ಬದಲಿಸಿದ್ದರೆ ಅಂಗಡಿ ತುಂಬುತ್ತಿರಲಿಲ್ಲ.

ನೆಕ್ಕರ್ ದಂಡೆ:
ಹದಿನೈದು ವರ್ಷಗಳಿಂದ ಇಲ್ಲಿ ಜರ್ಮನಿಯಲ್ಲಿ ವಾಸವಾಗಿದ್ದೇನೆ. ಎರ್ಹಾರ್ಡ್ ಹೆಸರು ಎಲ್ಲರಿಗೂ ಗೊತ್ತು, ಟೆನೆನ್‌ಬಾಮ್ ಯಾರು ಎಂದರೆ ಮುಖ ಮುಖ ನೋಡುತ್ತಾರೆ. ಎಡ್ವರ್ಡ್ ಟೆನೆನ್‌ಬಾಮ್ ಎಂಬ ಅಮೆರಿಕನ್, ಆಗ ವಯಸ್ಸು ಇಪ್ಪತ್ತಾರು. ಈ ನಾಣ್ಯದ ನಿಜವಾದ ಸೂಲಗಿತ್ತಿ ಅವನೇ ಎನ್ನಬಹುದು. ಕಾಸೆಲ್ ಬಳಿಯ ರೋಟ್‌ವೆಸ್ಟನ್ ಎಂಬಲ್ಲಿನ ಸೈನಿಕ ವಸತಿಗೆ ಜರ್ಮನ್ ತಜ್ಞರನ್ನು ಕರೆದೊಯ್ದು, ತಿಂಗಳಿಗೂ ಹೆಚ್ಚು ಕಾಲ ಹೊರಗಿನ ಸಂಪರ್ಕವಿಲ್ಲದೆ ಕೂರಿಸಿದರು. ಅವರ ಸ್ವಂತ ಸಲಹೆಗಳು ಬಹುಪಾಲು ಬುಟ್ಟಿ ಸೇರಿದವು. ಕಾನೂನು, ಅರ್ಜಿ ನಮೂನೆಗಳನ್ನು ಜರ್ಮನ್ ಭಾಷೆಯಲ್ಲಿ ಸಿದ್ಧಪಡಿಸುವುದೇ ಅವರ ಮುಖ್ಯ ಕೆಲಸವಾಯಿತು. ನೋಟುಗಳೂ ಅಮೆರಿಕದಲ್ಲೇ ಅಚ್ಚಾಗಿ ಬ್ರೆಮರ್‌ಹಾಫನ್ ಬಂದರಿಗೆ ಗುಟ್ಟಾಗಿ ಬಂದಿಳಿದಿದ್ದವು. ಮೊದಲ ನೋಟುಗಳ ಮೇಲೆ ಬ್ಯಾಂಕಿನ ಹೆಸರಾಗಲಿ ಸಹಿಯಾಗಲಿ ಇರಲಿಲ್ಲ. ಜರ್ಮನ್ ಶಿಸ್ತಿನ ಲಾಂಛನ ಎನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ಸುಮ್ಮನೆ ಓದುಗ:
ಒಂದು ಪ್ರಶ್ನೆ. ತಳ್ಳುಗಾಡಿಯಲ್ಲಿ ನೋಟು ತುಂಬಿಕೊಂಡು ಬ್ರೆಡ್ ತರಲು ಹೋಗುತ್ತಿದ್ದರಂತಲ್ಲ, ಅದೇ ಈ ಮಾರ್ಕ್? ಅದರಿಂದಲೇ ತಾನೆ ಹಿಟ್ಲರ್ ಬಂದದ್ದು?

ಖಾತೆಕಿರ್ದಿ:
ಅದು 1923, ರೈಶ್‌ಮಾರ್ಕಿಗೂ ಹಿಂದಿನ ಮಾರ್ಕ್. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್‌ನಲ್ಲಿ 4.2 ಲಕ್ಷ ಕೋಟಿ. ಆ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಪಡೆಗಳು ಜರ್ಮನಿಯ ಕಲ್ಲಿದ್ದಲು, ಉಕ್ಕಿನ ನೆಲೆಯಾದ ರೂರ್ ಪ್ರದೇಶವನ್ನು ಆಕ್ರಮಿಸಿದಾಗ ಕಾರ್ಮಿಕರು ಕೆಲಸ ನಿಲ್ಲಿಸಿದರು, ಅವರನ್ನು ಸಾಕಲು ಸರ್ಕಾರ ಅಚ್ಚುಯಂತ್ರ ತಿರುಗಿಸಿತು. ನವೆಂಬರ್ 15ರಂದು ರೆಂಟೆನ್‌ಮಾರ್ಕ್ ಬಂತು, ಒಂದಕ್ಕೆ ಲಕ್ಷ ಕೋಟಿ ಹಳೆಯ ಮಾರ್ಕ್. ಬೆನ್ನಿಗೆ ಚಿನ್ನವಿಲ್ಲ, ಕೃಷಿಭೂಮಿ ಮತ್ತು ಉದ್ದಿಮೆಗಳ ಮೇಲಿನ ಅಡಮಾನವೇ ಆಧಾರ. ಜನ ನಂಬಿದರು, ನಡೆಯಿತು.

ಯಾರಿಗೆ ಲಾಭವಾಯಿತು ಎಂಬುದನ್ನು ಗಮನಿಸಿ. ಸುಮಾರು 15,000 ಕೋಟಿ ಮಾರ್ಕ್‌ಗಳಷ್ಟಿದ್ದ ಸರ್ಕಾರದ ಯುದ್ಧಸಾಲ ಹೊಸ ಲೆಕ್ಕದಲ್ಲಿ 15 ಫೆನ್ನಿಗ್, ಅಂದರೆ ಒಂದು ಮಾರ್ಕಿನ ಸುಮಾರು ಏಳನೆಯ ಒಂದು ಪಾಲು. ದೇಶಭಕ್ತಿಯಿಂದ ಯುದ್ಧಬಾಂಡ್ ಕೊಂಡ ಶಾಲಾ ಮಾಸ್ತರನ ಗತಿ ಊಹಿಸಿಕೊಳ್ಳಿ. ಅದೇ ಮನುಷ್ಯ ಮತ್ತೆ ಉಳಿಸಿ, 1948ರಲ್ಲಿ ಮತ್ತೆ ಕಳೆದುಕೊಂಡ. ಒಂದೇ ಜೀವಮಾನದಲ್ಲಿ ಎರಡು ಸಲ!

ಇನ್ನು ಹಿಟ್ಲರ್. ಹಣದುಬ್ಬರ ಮುಗಿದದ್ದು 1923ರಲ್ಲಿ, ಅವನು ಅಧಿಕಾರಕ್ಕೆ ಬಂದದ್ದು 1933ರಲ್ಲಿ. ನಡುವಿನ 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಶೇಕಡಾ ಮೂರು ಮತವೂ ಬಿದ್ದಿರಲಿಲ್ಲ. ಅವನನ್ನು ಮೇಲೆತ್ತಿದ್ದು 1930ರ ನಂತರ, ಬೆಲೆಗಳು ಕುಸಿಯುತ್ತಿದ್ದಾಗ ಸರ್ಕಾರ ಸಂಬಳ ಕಡಿತ ಮಾಡಿದ ಕಾಲ, ಅರವತ್ತು ಲಕ್ಷ ನಿರುದ್ಯೋಗಿಗಳ ಕಾಲ. ತಳ್ಳುಗಾಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ.

ಅಶ್ವತ್ಥಕಟ್ಟೆ:
ಹಿಟ್ಲರ್ ವಿಷಯ ಒಪ್ಪಿದೆ. 1948ರ ವಿಷಯ ಒಪ್ಪಲಾರೆ. ಆ ಸುಧಾರಣೆ ತಪ್ಪಾಗಿದ್ದರೆ ಮುಂದಿನ ಐವತ್ತು ವರ್ಷ ಆ ನಾಣ್ಯ ಗಟ್ಟಿಯಾಗಿ ನಿಂತದ್ದು ಹೇಗೆ?

ಖಾತೆಕಿರ್ದಿ:
ತಪ್ಪು ಎಂದು ನಾನು ಎಲ್ಲಿ ಹೇಳಿದೆ? ನ್ಯಾಯವಲ್ಲ ಎಂದೆ. ಬೆಲೆ ಏರಿ, ಕೂಲಿ ಏರದೆ, 1948ರ ನವೆಂಬರ್ 12ರಂದು ತೊಂಬತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದರು. ಜರ್ಮನಿಯ ಆರ್ಥಿಕ ಪವಾಡದ ಕಥೆ ಹೇಳುವವರು ಈ ಪುಟವನ್ನು ಮಗುಚಿಬಿಡುತ್ತಾರೆ.

ನೆಕ್ಕರ್ ದಂಡೆ:
ನ್ಯಾಯ ತಡವಾಗಿಯಾದರೂ ಸ್ವಲ್ಪ ಬಂತು. 1952ರ ಹೊರೆ ಸಮೀಕರಣ ಕಾನೂನಿನಂತೆ, ಆಸ್ತಿ ಉಳಿಸಿಕೊಂಡವರು ಅದರ ಅರ್ಧದಷ್ಟು ಮೌಲ್ಯವನ್ನು ಮೂವತ್ತು ವರ್ಷಗಳ ಕಂತಿನಲ್ಲಿ ಕಟ್ಟಬೇಕಾಯಿತು. ಅದು ಯುದ್ಧದಲ್ಲಿ ಮನೆಮಾರು ಕಳೆದುಕೊಂಡವರಿಗೆ, ಪೂರ್ವ ಯೂರೋಪಿನಿಂದ ಹೊರದಬ್ಬಲ್ಪಟ್ಟ ಜರ್ಮನರಿಗೆ ಹೋಯಿತು.

ಪೂರ್ವ ಜರ್ಮನಿಯವರ ಕಥೆಯೇ ಬೇರೆ. 1990ರ ಜುಲೈ 1ರಂದು ಅವರ ಹಳೆಯ ಮಾರ್ಕಿಗೆ ಬದಲಾಗಿ ಅವರಿಗೂ ಇದೇ ಮಾರ್ಕ್ ಸಿಕ್ಕಿತು, ಸಂಬಳ ಒಂದಕ್ಕೆ ಒಂದು. ಉಳಿತಾಯದಲ್ಲಿ ಹೆಚ್ಚಿನ ವಯಸ್ಕರಿಗೆ 4,000 ಮಾರ್ಕ್‌ವರೆಗೆ ಅದೇ ದರ, ಅದಕ್ಕೂ ಮೀರಿದ್ದು ಎರಡಕ್ಕೆ ಒಂದು. ಲೈಪ್‌ಜಿಗ್‌ನ ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ: ಆ ದಿನ ಹಬ್ಬ, ವರ್ಷದೊಳಗೆ ಅಪ್ಪನ ಕಾರ್ಖಾನೆಗೆ ಬೀಗ. ಗಟ್ಟಿ ನಾಣ್ಯದಲ್ಲಿ ಸಂಬಳ ಕೊಟ್ಟು ಹಳೆಯ ಯಂತ್ರದಲ್ಲಿ ಮಾಡಿದ ಸರಕನ್ನು ಯಾರು ಕೊಳ್ಳುತ್ತಾರೆ?

ಸುಮ್ಮನೆ ಓದುಗ:
ಹಳೆನಾಣ್ಯ ಅವರೇ, ನಿಮ್ಮ ನೋಟು ಈಗ ಬರೀ ಕಾಗದವೇ?

ಹಳೆನಾಣ್ಯ:
ಅಲ್ಲ. ಯೂರೋ ನೋಟುಗಳು ಬಂದದ್ದು 2002ರಲ್ಲಿ, ಆದರೂ ಜರ್ಮನಿಯ ಕೇಂದ್ರ ಬ್ಯಾಂಕು ಮಾರ್ಕ್‌ಗಳನ್ನು ಕಾಲಮಿತಿಯಿಲ್ಲದೆ ಬದಲಿಸಿಕೊಡುತ್ತದೆ. ದರ ಎಂದೆಂದಿಗೂ ಒಂದು ಯೂರೋಗೆ 1.95583 ಮಾರ್ಕ್. ಹತ್ತು ಮಾರ್ಕ್‌ಗೆ 5 ಯೂರೋ 11 ಸೆಂಟ್. ನೋಟು ಟ್ರಂಕಿಗೇ ವಾಪಸು ಹೋಯಿತು. ‘ಶುದ್ಧ’ ಎಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ, ಗೌರವವನ್ನಲ್ಲ.

ಖಾತೆಕಿರ್ದಿ:
ಆಗಲಿ. ಆದರೆ ಅದರಲ್ಲಿ ಅರ್ಧವನ್ನು ಮೂವತ್ತು ವರ್ಷಗಳ ಕಂತಿನಲ್ಲಿ ನಮಗೆ ಕಟ್ಟಬೇಕಾಗುತ್ತದೆ.