ಬೇಸಿಗೆಗೆ ಯುರೋಪಿಗೆ ಹೋಗಿ ಧರ್ಮ, ಸರ್ಕಾರದ ಸಂಬಂಧ ನೋಡಬೇಕು, ಎಲ್ಲಿಗೆ ಹೋಗಲಿ?

ಧಾರವಾಡದ ಎಂ.ಎ. ವಿದ್ಯಾರ್ಥಿನಿ:

ನಾನು ಸಮಾಜಶಾಸ್ತ್ರ ಓದುತ್ತಿದ್ದೇನೆ. ಮಠ, ಮಸೀದಿ, ಚರ್ಚುಗಳು ನಡೆಸುವ ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಲ್ಲಿ ಸರ್ಕಾರದ ಕೈ ಎಷ್ಟು ಅನ್ನೋದು ನನ್ನ ವಿಷಯ. ಬರುವ ಬೇಸಿಗೆಯಲ್ಲಿ ಹೊರಗೆ ಹೋಗಿ ಸ್ವಲ್ಪ ನೋಡಿಕೊಂಡು ಬರುವ ಆಸೆ. ಮಾವ ಅರ್ಧ ಖರ್ಚು ಕೊಡ್ತೀನಿ ಅಂದಿದ್ದಾರೆ. ಪ್ಯಾರಿಸ್, ರೋಮ್, ಬರ್ಲಿನ್, ಇಸ್ತಾಂಬುಲ್ ಅಂತ ಪಟ್ಟಿ ಮಾಡಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಸಪ್ತಾಪುರದಿಂದ:

ತಂಗಿ, ಆ ಪಟ್ಟಿ ಬಿಡು. ನಾಲ್ಕು ಊರು ಓಡಾಡಿದರೆ ನಾಲ್ಕು ದೊಡ್ಡ ಕಟ್ಟಡದ ಮುಂದೆ ಫೋಟೊ ಸಿಗುತ್ತದೆ, ಅಷ್ಟೇ. ಒಂದು ಗಡಿ ಹಿಡಿ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಜಾಗದಲ್ಲಿ ಬಾಸೆಲ್ ಇದೆ. ಅಲ್ಲಿಂದ ರೈಲು ಹತ್ತಿದರೆ ಒಂದೂವರೆ ತಾಸಿನೊಳಗೆ ಜರ್ಮನಿಯ ಫ್ರೈಬುರ್ಗ್‌ಗೂ ಹೋಗಬಹುದು, ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ಗೂ ಹೋಗಬಹುದು. ಮೂರಕ್ಕೂ ಒಂದೇ ಷೆಂಗೆನ್ ವೀಸಾ.

ಯಾಕೆ ಗಡಿ ಅಂದರೆ, ಅಲ್ಲಿ ಜನ, ಹವೆ, ಊಟ, ಚರ್ಚಿನ ಗೋಪುರ ಎಲ್ಲ ಹೆಚ್ಚುಕಡಿಮೆ ಒಂದೇ ಥರ. ಕಾನೂನು ಮಾತ್ರ ಬೇರೆ. ಹಾಗಾಗಿ ಏನಾದರೂ ಫರಕು ಕಂಡರೆ ಅದು ಎಲ್ಲಿಂದ ಬಂತು ಅಂತ ಹಿಡಿಯುವುದು ಸುಲಭ. ಪ್ಯಾರಿಸನ್ನೂ ಇಸ್ತಾಂಬುಲನ್ನೂ ಹೋಲಿಸಲು ಕೂತರೆ ನೂರು ಕಾರಣ ಹೇಳಬಹುದು, ಯಾವುದೂ ಕೈಗೆ ಸಿಗುವುದಿಲ್ಲ. ಇಸ್ತಾಂಬುಲ್ ಬೇಡ ಅಂತಲ್ಲ ಮತ್ತೆ. ಟರ್ಕಿಯಲ್ಲಿ 1924ರಲ್ಲಿ ಶುರುವಾದ ಧಾರ್ಮಿಕ ವ್ಯವಹಾರಗಳ ಇಲಾಖೆ ಇವತ್ತಿಗೂ ಇಮಾಮರಿಗೆ ಸಂಬಳ ಕೊಡುತ್ತದೆ, 1937ರಿಂದ ಅದೇ ದೇಶದ ಸಂವಿಧಾನದಲ್ಲಿ ಸೆಕ್ಯುಲರ್ ಅಂತಲೂ ಇದೆ. ಅದೊಂದೇ ಪೂರ್ತಿ ಪಿಎಚ್‌ಡಿ ಆಗುವಷ್ಟಿದೆ. ಇನ್ನೊಂದು ಬೇಸಿಗೆಗೆ ಇಟ್ಟುಕೋ.

ಈಗ ಫ್ರಾನ್ಸಿನ ಕಡೆ ಬಾ. ಎಲ್ಲರೂ 1905ರ ಕಾನೂನು ಹೇಳುತ್ತಾರೆ: ಸರ್ಕಾರ ಯಾವ ಧರ್ಮಕ್ಕೂ ಮಾನ್ಯತೆ ಕೊಡಲ್ಲ, ಸಂಬಳ ಕೊಡಲ್ಲ, ಅನುದಾನ ಕೊಡಲ್ಲ. ಸರಿ. ಆದರೆ 1905ರಲ್ಲಿ ಸ್ಟ್ರಾಸ್‌ಬುರ್ಗ್ ಇರುವ ಅಲ್ಸಾಸ್ ಪ್ರಾಂತ್ಯ ಫ್ರಾನ್ಸಿನ ಕೈಯಲ್ಲೇ ಇರಲಿಲ್ಲ. 1871ರಲ್ಲಿ ಜರ್ಮನಿ ಕಿತ್ತುಕೊಂಡಿತ್ತು, ವಾಪಸ್ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಅದಕ್ಕೇ ಅಲ್ಲಿ ನೆಪೋಲಿಯನ್ ಕಾಲದ, 1801ರಿಂದ ಶುರುವಾದ ಏರ್ಪಾಡೇ ಇನ್ನೂ ನಡೆಯುತ್ತಿದೆ. ಕ್ಯಾಥೊಲಿಕ್ ಪಾದ್ರಿಗಳಿಗೆ, ಎರಡು ಬಗೆಯ ಪ್ರಾಟೆಸ್ಟಂಟ್ ಪಾಸ್ಟರ್‌ಗಳಿಗೆ, ಯಹೂದಿ ರಬ್ಬಿಗಳಿಗೆ ಫ್ರೆಂಚ್ ಸರ್ಕಾರವೇ ಸಂಬಳ ಕೊಡುತ್ತದೆ. ಸರ್ಕಾರಿ ಶಾಲೆಯ ಟೈಂಟೇಬಲ್‌ನಲ್ಲಿ ಧರ್ಮದ ಪೀರಿಯಡ್ ಇದೆ, ಬೇಡ ಅಂದವರು ಬಿಡಬಹುದು. ಮುಸ್ಲಿಮರು ಆ ನಾಲ್ಕರ ಪಟ್ಟಿಯಲ್ಲಿ ಇಲ್ಲ. ಆದರೂ 2012ರಲ್ಲಿ ಉದ್ಘಾಟನೆಯಾದ ಸ್ಟ್ರಾಸ್‌ಬುರ್ಗ್‌ನ ದೊಡ್ಡ ಮಸೀದಿಗೆ ಸ್ಥಳೀಯ ಸರ್ಕಾರಗಳು ಹಣ ಕೊಟ್ಟವು, ಯಾಕಂದರೆ ಕೊಡಬಾರದು ಅನ್ನುವ 1905ರ ಕಾನೂನು ಅಲ್ಲಿಗೆ ಅನ್ವಯವೇ ಆಗುವುದಿಲ್ಲ.

ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಹೋಗಬೇಕಾದದ್ದು ಮುಂದಿನದಕ್ಕೆ. ಅಲ್ಸಾಸ್‌ನ ಮುಲೂಸ್ ಎಂಬ ಊರಿನಿಂದ ಪಕ್ಕದ ಬೆಲ್‌ಫೋರ್‌ಗೆ ಒಂದು ದಿನ ಹೋಗಿ ಬಾ. ಹುಬ್ಬಳ್ಳಿಯಿಂದ ಗದಗಿಗೆ ಹೋದಷ್ಟೂ ಹೊತ್ತು ಹಿಡಿಯುವುದಿಲ್ಲ. ಬೆಲ್‌ಫೋರ್ 1871ರಲ್ಲಿ ಫ್ರಾನ್ಸಿನಲ್ಲೇ ಉಳಿಯಿತು, ಹಾಗಾಗಿ ಅಲ್ಲಿ 1905ರ ಕಾನೂನು ಪೂರ್ತಿ ಜಾರಿ. ಮುಲೂಸ್‌ನಲ್ಲಿ ಗುಡ್ ಫ್ರೈಡೇ ರಜೆ, ಡಿಸೆಂಬರ್ 26ಕ್ಕೂ ರಜೆ. ಬೆಲ್‌ಫೋರ್‌ನಲ್ಲಿ ಎರಡೂ ದಿನ ಕೆಲಸ. ಅಲ್ಲಿ ಪಾದ್ರಿಯ ಸಂಬಳ ಭಕ್ತರ ಕಾಣಿಕೆಯಿಂದ ಬರಬೇಕು, ಆದರೆ ಮಜಾ ನೋಡು, ಆ ಕಾನೂನು ನಡೆಯುವ ಕಡೆ 1905ಕ್ಕೆ ಮೊದಲು ಕಟ್ಟಿದ ಊರ ಚರ್ಚುಗಳು ಹೆಚ್ಚಾಗಿ ಮುನಿಸಿಪಾಲಿಟಿಯ ಆಸ್ತಿ, ಮಾಡು ಸೋರಿದರೆ ಸಾಮಾನ್ಯವಾಗಿ ಮುನಿಸಿಪಾಲಿಟಿಯವರೇ ರಿಪೇರಿ ಮಾಡಿಸುತ್ತಾರೆ. ಪೂರ್ತಿ ಬೇರೆಯಾದ ಕಡೆಯೂ ಪೂರ್ತಿ ಬೇರೆಯಾಗಿಲ್ಲ ಅನ್ನುವುದು ನಿನಗೆ ಅಲ್ಲಿ ಕಾಣುತ್ತದೆ.

ಹಾಗಾಗಿ ನನ್ನ ಮಾತು ಒಂದೇ. ಯಾರನ್ನೂ "ನೀವು ದೇವರನ್ನು ನಂಬ್ತೀರಾ" ಅಂತ ಕೇಳಬೇಡ. "ಇದಕ್ಕೆ ದುಡ್ಡು ಯಾರದು" ಅಂತ ಕೇಳು. ಪಾದ್ರಿಯ ಸಂಬಳ, ಮಾಡಿನ ರಿಪೇರಿ, ಶಿಶುವಿಹಾರದ ಟೀಚರ್ ಪಗಾರ, ಈ ಮೂರನ್ನು ಮೂರೂ ದೇಶದ ಊರುಗಳಲ್ಲಿ ಕೇಳಿಕೊಂಡು ಬಂದರೆ ನಿನ್ನ ಥೀಸಿಸ್ ಅರ್ಧ ಆದ ಹಾಗೆ. ನಂಬಿಕೆಯ ಬಗ್ಗೆ ಕೇಳಿದರೆ ಜನ ಮುದುಡಿಕೊಳ್ಳುತ್ತಾರೆ, ಖರ್ಚಿನ ಬಗ್ಗೆ ಕೇಳಿದರೆ ಖಜಾಂಚಿ ತಾನೇ ಕುರ್ಚಿ ಎಳೆದು ಕೂರಿಸಿ ಲೆಕ್ಕ ತೆಗೆಯುತ್ತಾನೆ.

ಇನ್ನು ಬಾಸೆಲ್. ನಮ್ಮ ಬಾಸೆಲ್ ಮಿಶನ್ ಹೈಸ್ಕೂಲ್ ಗೊತ್ತಲ್ವಾ, ಅದರ ಮೂಲ ಇದೇ ಊರು. 1815ರಲ್ಲಿ ಶುರುವಾದ ಸಂಸ್ಥೆ, 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಕಿಟೆಲ್ ಬಂದದ್ದೂ ಅವರ ಕಡೆಯಿಂದಲೇ. ಅವರ ಹಳೆಯ ಕಾಗದಪತ್ರ, ನಕ್ಷೆ, ಫೋಟೊ ಎಲ್ಲ ಇವತ್ತಿಗೂ ಬಾಸೆಲ್‌ನ ಮಿಶನ್ ಆರ್ಕೈವ್‌ನಲ್ಲಿವೆ. ಫೋಟೊಗಳನ್ನು ಧಾರವಾಡದಲ್ಲೇ ಕೂತು ಆನ್‌ಲೈನ್‌ನಲ್ಲಿ ನೋಡಬಹುದು, ಯಾವ ಫೈಲು ಬೇಕು ಅಂತ ಮೊದಲೇ ಬರೆದು ಕೇಳು. "ನಮ್ಮೂರಿನ ಶಾಲೆ ನಿಮ್ಮವರು ತೆರೆದದ್ದು" ಅಂತ ಶುರು ಮಾಡಿದರೆ ಮಾತು ಬೇಗ ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಚರ್ಚಿನ ವ್ಯವಹಾರ ಒಂದೊಂದು ಕ್ಯಾಂಟನ್‌ಗೆ, ಅಂದರೆ ಅವರ ರಾಜ್ಯಕ್ಕೆ, ಒಂದೊಂದು ಥರ. 2009ರಲ್ಲಿ ಹೊಸ ಮಿನಾರ್ ಕಟ್ಟಬಾರದು ಅಂತ ದೇಶದ ಜನರೇ ಶೇ. 57ಕ್ಕೂ ಜಾಸ್ತಿ ಮತ ಹಾಕಿ ಸಂವಿಧಾನದಲ್ಲಿ ಬರೆಸಿದರು. ಆ ನಿಷೇಧ ಬೇಡ ಅಂದ ನಾಲ್ಕೇ ಕ್ಯಾಂಟನ್‌ಗಳಲ್ಲಿ ಬಾಸೆಲ್ ನಗರವೂ ಒಂದು.

ಹುಬ್ಬಳ್ಳಿ ವಿದ್ಯಾನಗರದಿಂದ:

ಅಕ್ಕಾವ್ರು ಹೇಳಿದ್ದಕ್ಕೆ ಜರ್ಮನಿಯ ಕಡೆಯಿಂದ ನಂದೊಂದು ಸೇರಿಸ್ತೀನಿ. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿದ್ದವನು, ಧರ್ಮ ಓದಲು ಅಲ್ಲ. ಆದರೆ ಮನೆ ಸಿಕ್ಕ ಕೂಡಲೇ ನಗರಸಭೆಗೆ ಹೋಗಿ ವಿಳಾಸ ನೋಂದಾಯಿಸಬೇಕು, ಆ ಫಾರ್ಮ್‌ನಲ್ಲಿ ಹೆಸರು, ಹುಟ್ಟಿದ ದಿನದ ಜೊತೆ ಧರ್ಮ ಅಂತಲೂ ಒಂದು ಖಾನೆ. ನಾನು ಹಿಂದೂ ಅಂತ ಬರೆದೆ. ಕೌಂಟರಿನ ಹೆಂಗಸು ಕನ್ನಡಕ ಸರಿಸಿ ನೋಡಿ, ಅದನ್ನು ಕಂಪ್ಯೂಟರಿಗೆ ಹಾಕದೆ ಬರೀ ಎರಡು ಗೀಟು ಒತ್ತಿದಳು. ಯಾಕೆ ಅಂತ ಪಗಾರ ಚೀಟಿ ಬಂದಾಗ ಗೊತ್ತಾಯಿತು. ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಅಂತ ನೋಂದಾಯಿಸಿದವರ ಸಂಬಳದಲ್ಲಿ ಚರ್ಚ್ ತೆರಿಗೆ ಮುರಿಯುತ್ತಾರೆ. ಆದಾಯ ತೆರಿಗೆ ಎಷ್ಟಾಗುತ್ತದೋ ಅದರ ಮೇಲೆ ಶೇ. 9, ಬವೇರಿಯಾ ಮತ್ತು ಫ್ರೈಬುರ್ಗ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಶೇ. 8. ವಸೂಲಿ ಮಾಡುವುದು ಸರ್ಕಾರದ ತೆರಿಗೆ ಇಲಾಖೆ. ನನಗೆ ಆ ಸಾಲು ಖಾಲಿ.

ತೆರಿಗೆ ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ ಚರ್ಚ್ ಬಿಟ್ಟೆ ಅಂತ ಬರೆದು ಕೊಡಬೇಕು. ನನ್ನ ಪಕ್ಕದ ಟೇಬಲ್ಲಿನವನು ಹಾಗೆ ಬಿಟ್ಟಿದ್ದ, ಆದರೆ ಮಗಳನ್ನು ಕಳಿಸ್ತಾ ಇದ್ದದ್ದು ಚರ್ಚಿನ ಶಿಶುವಿಹಾರಕ್ಕೇ! ಕೇಳಿದರೆ, ಅದರ ಖರ್ಚು ಬಹುಪಾಲು ಸರ್ಕಾರದ್ದು ಮಾರಾಯ, ಅದನ್ನು ನಾನೂ ತೆರಿಗೆಯಲ್ಲಿ ಕಟ್ತೀನಿ ಅಂದ. ತಪ್ಪೇನಿಲ್ಲ ಅವನ ಮಾತು. ಅಲ್ಲಿ ಕ್ಯಾಥೊಲಿಕರ ಕಾರಿಟಾಸ್, ಪ್ರಾಟೆಸ್ಟಂಟರ ಡಿಯಾಕೋನಿ ಅಂತ ಎರಡು ದೊಡ್ಡ ಸೇವಾಸಂಸ್ಥೆಗಳಿವೆ, ಆಸ್ಪತ್ರೆ, ವೃದ್ಧಾಶ್ರಮ ನಡೆಸುತ್ತವೆ. ನಡೆಯುವುದು ಹೆಚ್ಚಾಗಿ ವಿಮೆ ಮತ್ತು ಸರ್ಕಾರದ ದುಡ್ಡಿನಿಂದ. ಬೋರ್ಡು ಮಠದ್ದು, ಮೇಷ್ಟ್ರ ಪಗಾರ ಸರ್ಕಾರದ್ದು ಅಂತ ನಮ್ಮ ಅನುದಾನಿತ ಕಾಲೇಜು ನೋಡಿದವರಿಗೆ ಇದೇನು ಹೊಸದಲ್ಲ ಬಿಡಿ. ಕಾರಿಟಾಸ್‌ನ ಮುಖ್ಯ ಕಚೇರಿ ಫ್ರೈಬುರ್ಗ್‌ನಲ್ಲೇ ಇದೆ, ನಿಮ್ಮ ದಾರಿಯಲ್ಲೇ ಸಿಗುತ್ತದೆ.

ಇನ್ನೊಂದು. ಜರ್ಮನಿಯಲ್ಲಿ ಸರ್ಕಾರ ಧರ್ಮ ಕೇಳಿ ಬರೆದುಕೊಳ್ಳುತ್ತದೆ, ಗಡಿಯ ರೈನ್ ನದಿ ದಾಟಿದರೆ ಫ್ರಾನ್ಸಿನ ಜನಗಣತಿಯಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ. ಹಾಗಾಗಿ "ನಿಮ್ಮೂರಲ್ಲಿ ಮುಸ್ಲಿಮರು ಎಷ್ಟು" ಅಂತ ಫ್ರೆಂಚ್ ಮುನಿಸಿಪಾಲಿಟಿಯಲ್ಲಿ ಕೇಳಿ ಅಂಕಿ ಸಿಗುತ್ತದೆ ಅಂದುಕೊಂಡು ಹೋಗಬೇಡಿ.

ಗದಗಿನಿಂದ:

ಹೋಗುವ ಮೊದಲು ಒಂದು ಸಲ ಗದಗಿಗೆ ಬರ್ರಿ. ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ, ಜುಮ್ಮಾ ಮಸೀದಿ ಮೂರೂ ಒಂದೇ ಟ್ರಸ್ಟಿನ ಆಡಳಿತದಲ್ಲಿವೆ. "ದುಡ್ಡು ಯಾರದು" ಅನ್ನುವ ಪ್ರಶ್ನೆ ಮೊದಲು ಇಲ್ಲಿ ಕೇಳಿ ರೂಢಿ ಮಾಡಿಕೊಂಡರೆ ಅಲ್ಲಿ ಹೋದಾಗ ನಾಲಿಗೆ ತಡವರಿಸುವುದಿಲ್ಲ. ಬಾಸೆಲ್‌ನಿಂದ ಸುಮಾರು ಒಂದು ತಾಸಿನ ದಾರಿ ಬೆರ್ನ್. ಅಲ್ಲಿ 2014ರಲ್ಲಿ ತೆರೆದ ಧರ್ಮಗಳ ಮನೆ ಇದೆ. ಹಿಂದೂ ಗುಡಿ, ಮಸೀದಿ, ಚರ್ಚು, ಬೌದ್ಧರ ಜಾಗ, ಟರ್ಕಿ ಮೂಲದ ಅಲೆವಿ ಪಂಥದವರ ಜಾಗ, ಐದೂ ಒಂದೇ ಸೂರಿನಡಿ. ಗದಗು ಮತ್ತು ಬೆರ್ನ್ ಎದುರುಬದುರು ಇಟ್ಟು ಬರೆಯಿರಿ, ಬರೀ ಯುರೋಪಿನ ಬಗ್ಗೆ ಅಲ್ಲಿಯವರೇ ಸಾಕಷ್ಟು ಬರೆದಿದ್ದಾರೆ.

ಹಾವೇರಿಯಿಂದ, ಈಗ ಲಂಡನ್‌ನಲ್ಲಿ:

ನಾನು ಒಪ್ಪಲ್ಲ. ಫ್ರೆಂಚ್ ಬರಲ್ಲ, ಜರ್ಮನ್ ಬರಲ್ಲ, ಇಷ್ಟು ಕಡಿಮೆ ದಿನದಲ್ಲಿ ಯಾವ ಖಜಾಂಚಿ ಜೊತೆ ಏನು ಮಾತಾಡ್ತೀರಿ? ಲಂಡನ್‌ಗೆ ಬನ್ನಿ. ಇಲ್ಲಿ ಬೇರೆ ಮಾಡುವ ಮಾತೇ ಇಲ್ಲ. ರಾಜನೇ ಇಂಗ್ಲೆಂಡ್ ಚರ್ಚಿನ ಮುಖ್ಯಸ್ಥ, ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸೀಟು, ಇಂಗ್ಲೆಂಡಿನ ಸರ್ಕಾರಿ ದುಡ್ಡಿನ ಶಾಲೆಗಳಲ್ಲಿ ಸುಮಾರು ಮೂರಕ್ಕೆ ಒಂದು ಧಾರ್ಮಿಕ ಸಂಸ್ಥೆಗೆ ಸೇರಿದ್ದು. ಆದರೂ ಊರು ನೋಡಿದರೆ ಎಲ್ಲ ಧರ್ಮದವರೂ ಇದ್ದಾರೆ. ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡ ಇದೆ: ಫ್ರಾನ್ಸಿನಿಂದ ಓಡಿ ಬಂದ ಪ್ರಾಟೆಸ್ಟಂಟರು 1743ರಲ್ಲಿ ಕಟ್ಟಿದ ಚರ್ಚು, ಆಮೇಲೆ ಮೆಥಡಿಸ್ಟರದು, 1898ರಿಂದ ಯಹೂದಿಗಳ ಸಿನಗಾಗ್, 1976ರಿಂದ ಮಸೀದಿ. ಅದೇ ಇಟ್ಟಿಗೆ, ಅದೇ ಬಾಗಿಲು. ಹಾಗೇ ಥೇಮ್ಸ್ ದಂಡೆಗೆ ಬಂದರೆ 2015ರಲ್ಲಿ ನಿಲ್ಲಿಸಿದ ಬಸವಣ್ಣನ ಮೂರ್ತಿ ಇದೆ. ಭಾನುವಾರ ಸೌಥಾಲ್ ಗುರುದ್ವಾರದಲ್ಲಿ ಊಟ ಪುಕ್ಕಟೆ, ಪಾತ್ರೆ ತೊಳೆಯುತ್ತಾ ನಿಂತರೆ ಯಾವ ಸಂದರ್ಶನದಲ್ಲೂ ಸಿಗದಷ್ಟು ಮಾತು ಸಿಗುತ್ತದೆ.

ಧಾರವಾಡದ ವಿದ್ಯಾರ್ಥಿನಿ:

ಎಲ್ಲರಿಗೂ ಥ್ಯಾಂಕ್ಸ್. ಲಂಡನ್ ಆಸೆ ಆಗ್ತಿದೆ, ಆದರೆ ಎರಡು ವೀಸಾ ಖರ್ಚು ಆಗಲ್ಲ. ಅಕ್ಕಾರ, ಜುಲೈ-ಆಗಸ್ಟ್‌ನಲ್ಲಿ ಹೋಗಲಾ? ಭಾಷೆಗೆ ಏನು ಮಾಡಲಿ? ಮತ್ತೆ ನಾನು ಮಾಂಸ ತಿನ್ನಲ್ಲ.

ಸಪ್ತಾಪುರದಿಂದ:

ಜುಲೈ-ಆಗಸ್ಟ್ ಬೇಡವೇ ಬೇಡ. ಅವರ ಬೇಸಿಗೆ ಅಂದರೆ ರಜೆ. ಆಗಸ್ಟ್‌ನಲ್ಲಿ ಫ್ರಾನ್ಸಿನ ಅರ್ಧ ಕಚೇರಿಗೆ ಬೀಗ, ಶಾಲೆ ಇಲ್ಲ, ಪಾದ್ರಿಯೂ ಊರಲ್ಲಿ ಇರಲ್ಲ. ನಮ್ಮ ಬೇಸಿಗೆ ರಜೆಯಲ್ಲೇ ಹೋಗು. ಮೇ, ಜೂನ್ ಮೊದಲ ಭಾಗದಲ್ಲಿ ಅಲ್ಲಿ ಹೆಚ್ಚಿನವು ತೆರೆದಿರುತ್ತವೆ, ಹಬ್ಬಗಳೂ ಸಾಲಾಗಿ ಬರುತ್ತವೆ. ಈಸ್ಟರ್ ಆಗಿ 60 ದಿನಕ್ಕೆ ಕ್ಯಾಥೊಲಿಕರ ಕಾರ್ಪಸ್ ಕ್ರಿಸ್ಟಿ ಹಬ್ಬ. ಫ್ರೈಬುರ್ಗ್‌ನಲ್ಲಿ ಅವತ್ತು ಸರ್ಕಾರಿ ರಜೆ, ಬೀದಿಯಲ್ಲಿ ಮೆರವಣಿಗೆ. ನದಿಯಾಚೆ ಸ್ಟ್ರಾಸ್‌ಬುರ್ಗ್‌ನಲ್ಲಿ ಅದು ಮಾಮೂಲು ಗುರುವಾರ. ಪಾದ್ರಿಗೆ ಸಂಬಳ ಕೊಡುವ ಊರು ಮೆರವಣಿಗೆಗೆ ರಜೆ ಕೊಡಲ್ಲ, ಇದನ್ನೂ ಬರೆದುಕೋ.

ಭಾಷೆಯ ಮಾತು ಹಾವೇರಿಯವರು ಸರಿಯಾಗಿಯೇ ಹೇಳಿದ್ದಾರೆ, ಅದು ದೊಡ್ಡ ತೊಡಕು. ಯೂನಿವರ್ಸಿಟಿಯವರ ಜೊತೆ ಇಂಗ್ಲಿಷ್ ನಡೆಯುತ್ತದೆ. ಸ್ಟ್ರಾಸ್‌ಬುರ್ಗ್ ಸರ್ಕಾರಿ ಯೂನಿವರ್ಸಿಟಿಯಲ್ಲೇ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಧರ್ಮಶಾಸ್ತ್ರದ ವಿಭಾಗಗಳಿವೆ, ಅಲ್ಲಿಯ ಸಂಶೋಧನಾ ವಿದ್ಯಾರ್ಥಿ ಒಬ್ಬರನ್ನು ಈಗಲೇ ಮೇಲ್ ಮಾಡಿ ಪರಿಚಯ ಮಾಡಿಕೊಂಡರೆ ಊರ ಚರ್ಚಿಗೆ ಹೋಗುವಾಗ ಜೊತೆಗೆ ಬರುತ್ತಾರೆ. ಯಾರ ಮಾತನ್ನೂ ಕೇಳದೆ ರೆಕಾರ್ಡ್ ಮಾಡಬೇಡ, ಒಪ್ಪಿಗೆ ಪತ್ರದ ನಮೂನೆ ನಿನ್ನ ಗೈಡ್ ಕಡೆಯಿಂದ ತಗೊಂಡು ಹೋಗು.

ಉಳಿಯುವುದು ಸ್ಟ್ರಾಸ್‌ಬುರ್ಗ್ ಅಥವಾ ಮುಲೂಸ್‌ನಲ್ಲಿ, ಬಾಸೆಲ್ ಬಲು ದುಬಾರಿ. ಬಾಸೆಲ್‌ನ ಹೋಟೆಲಿನಲ್ಲಿ ರಾತ್ರಿ ತಂಗಿದರೆ ಊರೊಳಗೆ ಟ್ರಾಮ್, ಬಸ್ ಪುಕ್ಕಟೆ ಓಡಾಡುವ ಕಾರ್ಡ್ ಕೊಡುತ್ತಾರೆ, ಆರ್ಕೈವ್‌ಗೆ ಹೋಗುವ ದಿನಗಳಿಗೆ ಅದು ಸಾಕು. ಜಾಸ್ತಿ ದಿನ ಫ್ರಾನ್ಸಿನಲ್ಲಿ ಇರುವುದಾದರೆ ವೀಸಾ ಅರ್ಜಿಯೂ ಫ್ರಾನ್ಸಿಗೇ ಹಾಕಬೇಕು. ಹೊರಡುವ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಗೆ 15 ದಿನವಾದರೂ ಇರಬೇಕು. ಕನಿಷ್ಠ 30,000 ಯೂರೋದ ಆರೋಗ್ಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ, ರಾಣಿ ಚೆನ್ನಮ್ಮ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀ.

ಊಟಕ್ಕೆ ಚಿಂತೆ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಒಯ್ಯಿ, ಮೊಸರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಪೇಡಾ ಮಾತ್ರ ಒಯ್ಯಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರಬಾರದು ಅಂತ ಯುರೋಪಿಯನ್ ಒಕ್ಕೂಟದ ನಿಯಮ ಇದೆ, ಏರ್‌ಪೋರ್ಟ್‌ನಲ್ಲಿ ಬ್ಯಾಗು ನೋಡಿದರೆ ಕಸದ ಬುಟ್ಟಿಗೆ ಹಾಕುತ್ತಾರೆ. ಆರ್ಕೈವ್‌ನವರಿಗೆ ಏನಾದರೂ ಕೊಡಬೇಕು ಅಂದರೆ ನಿಮ್ಮ ಬಾಸೆಲ್ ಮಿಶನ್ ಶಾಲೆಯ ಈಗಿನ ಒಂದು ಒಳ್ಳೆ ಫೋಟೊ ತೆಗೆದುಕೊಂಡು ಹೋಗು.