ಸಹಾಯ ಬೇಕು: ಬೆಳಗಾವ್ಯಾಗ ಸೈಕಲ್‌ದ ಹೈಡ್ರಾಲಿಕ್ ಬ್ರೇಕ್ ಬ್ಲೀಡ್ ಮಾಡೋರು ಯಾರದಾರ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮೌಂಟೇನ್ ಬೈಕಿನ ಹಿಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೆ ತಾಗಾಕತ್ತೈತಿ. ನಾಕೈದು ಸಲ ಒತ್ತಿದ್ರ ಸ್ವಲ್ಪ ಹಿಡಿತೈತಿ, ಅಂದ್ರ ಪೈಪಿನ್ಯಾಗ ಗಾಳಿ ಹೊಕ್ಕೈತಿ ಅನಸ್ತೈತಿ. ಬ್ಲೀಡ್ ಅಂದ್ರ ಆ ಗಾಳಿ ಹೊರಗ ತಗದು ಆಯಿಲ್ ತುಂಬೂದು. ಪ್ಯಾಡ್ ಹೊಸಾವು, ಆಯಿಲ್ ಎಲ್ಲೂ ಸೋರಿಲ್ಲ.

ಒಂದು ಅಂಗಡ್ಯಾಗ ಕೇಳಿದ್ರ ಮೋಟರ್ ಸೈಕಲ್‌ದ ಡಾಟ್ (DOT) ಬ್ರೇಕ್ ಆಯಿಲ್ ಹಾಕ್ತೀನಿ ಅಂದ್ರು. ಬ್ಯಾಡ ಅಂದು ಬಂದೆ. ನನ್ನದು ಮಿನರಲ್ ಆಯಿಲ್ ಬ್ರೇಕ್. ಅದಕ್ಕ ಡಾಟ್ ಹಾಕಿದ್ರ ಒಳಗಿನ ರಬ್ಬರ್ ಸೀಲ್ ಉಬ್ಬಿ ಕೆಡ್ತಾವು. ನೀವೂ ಹಾಕಸೋ ಮೊದಲ ಲಿವರ್ ಮ್ಯಾಲೆ ಏನು ಬರದೈತಿ ನೋಡ್ರಿ.

ಬ್ಲೀಡ್ ಕಿಟ್ ಯಾರ ಹತ್ರರ ಐತೇನ್ರಿ? ಇಲ್ಲಾಂದ್ರ ಹುಬ್ಬಳ್ಳಿ, ಕೊಲ್ಲಾಪುರದಾಗ ನಂಬಿಗಸ್ತ ಮೆಕ್ಯಾನಿಕ್ ಇದ್ರೂ ನಡಿತೈತಿ. ವಿಜಯಪುರದ ಸೈಕಲಿಸ್ಟ್‌ಗಳಿಗೆ ಗೊತ್ತಿದ್ರ ದಯವಿಟ್ಟು ಹೇಳ್ರಿ.

ಮಳಿ ನಿಂತು ರಾಜಹಂಸಗಡದ ಕಡೆ ಕೆಂಪು ಮಣ್ಣು ಈಗಷ್ಟ ಬಿಗಿ ಆಗೈತಿ. ಸೈಕಲ್ ಹೊಡಿಯಾಕ ವರ್ಷದಾಗ ಇದಕ್ಕಿಂತ ಚಲೋ ದಿನ ಸಿಗೂದಿಲ್ಲ. ಆದ್ರ ಮುಂದಿನ ಬ್ರೇಕ್ ಒಂದನ್ನ ನಂಬಿ ಸಡಿಲ ಕಲ್ಲಿನ ಇಳಿಜಾರ ಇಳಿಯಾಕ ನಾ ತಯಾರಿಲ್ಲ. ಕಿಟ್ ಕೊಡೋರಿದ್ರ ಮಿನರಲ್ ಆಯಿಲ್ ನಾನ ತರ್ತೀನ್ರಿ, ನೀವು ಹೇಳಿದ ಜಾಗಾಕ್ಕ ಬರ್ತೀನಿ.