ಸಣ್ಣ ನೀರುಕಾಗೆಯನ್ನು ಗುರುತಿಸುವುದು ಹೇಗೆ?

ಕೆರೆದಂಡೆ:
ಹಲಸೂರು ಕೆರೆ ಹತ್ತಿರ ವಾಕಿಂಗ್ ಹೋದಾಗ ನೀರುಕಾಗೆಗಳು ಕಾಣುತ್ತವೆ. ನಮ್ಮಲ್ಲಿ ಮೂರು ಜಾತಿ ಇವೆ ಅಂತ ಓದಿದ್ದೇನೆ, ಆದರೆ ಒಂದೇ ಹಕ್ಕಿ ಕೂತಿದ್ದರೆ ಗಾತ್ರ ನೋಡಿ ಹೇಳೋದು ಕಷ್ಟ ಅಲ್ವಾ? ಮತ್ತೆ, ನೀರಿಂದ ಎದ್ದು ಬಂದು ರೆಕ್ಕೆ ಬಿಚ್ಚಿ ಅಷ್ಟು ಹೊತ್ತು ಯಾಕೆ ನಿಲ್ಲುತ್ತವೆ?

ಬೈನಾಕ್ಯುಲರ್:
ಗಾತ್ರ ಬಿಡಿ, ಕೊಕ್ಕು ನೋಡಿ. ಸಣ್ಣ ನೀರುಕಾಗೆಗೆ ಕೊಕ್ಕು ಮೋಟು, ಹಣೆ ಉಬ್ಬಿರುತ್ತದೆ, ಕತ್ತು ಗಿಡ್ಡ. ಉದ್ದ ಸುಮಾರು 50 ಸೆಂ.ಮೀ. ಅಷ್ಟೇ. ಭಾರತೀಯ ನೀರುಕಾಗೆ ತೆಳ್ಳಗೆ, ಕೊಕ್ಕು ಸಪೂರ ಮತ್ತು ಉದ್ದ, ಕಣ್ಣು ನೀಲಿ-ಹಸಿರು. ಆ ಕಣ್ಣು ಒಮ್ಮೆ ಬಿಸಿಲಲ್ಲಿ ಸರಿಯಾಗಿ ಕಂಡರೆ ಮತ್ತೆ ಅನುಮಾನವೇ ಬರುವುದಿಲ್ಲ. ದೊಡ್ಡ ನೀರುಕಾಗೆ ಇವೆರಡಕ್ಕಿಂತ ತುಂಬಾ ದಪ್ಪ, ಮರಿ ಮಾಡುವ ಕಾಲದಲ್ಲಿ ತೊಡೆ ಮೇಲೆ ಬಿಳಿ ಮಚ್ಚೆ ಬರುತ್ತದೆ. ಬಣ್ಣ ನಂಬಿ ಹೋಗಬೇಡಿ. ಸಣ್ಣದು ಮರಿ ಮಾಡುವಾಗ ಪೂರ್ತಿ ಹೊಳೆಯುವ ಕಪ್ಪು, ಉಳಿದ ಕಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಂಟಲು ಬೆಳ್ಳಗಾಗುತ್ತದೆ, ಅದಕ್ಕೇ ಎಷ್ಟೋ ಜನ ಅದನ್ನು ಬೇರೆ ಹಕ್ಕಿ ಅಂದುಕೊಳ್ಳುತ್ತಾರೆ.

ಹಿನ್ನೀರು:
ರೆಕ್ಕೆ ಬಿಚ್ಚುವುದು ಒಣಗಿಸಿಕೊಳ್ಳೋಕೆ. ಬಾತುಕೋಳಿಯ ಗರಿ ನೀರು ಹಿಡಿಯುವುದಿಲ್ಲ, ನೀರುಕಾಗೆಯ ಗರಿಯ ಹೊರಭಾಗ ಬೇಗ ನೆನೆಯುತ್ತದೆ. ಇದು ಕೊರತೆ ಅಲ್ಲ ಅಂತ ನನ್ನ ಅಭಿಪ್ರಾಯ. ಗರಿಯೊಳಗೆ ಗಾಳಿ ಕಡಿಮೆ ಇದ್ದರೆ ಮೈ ಮೇಲಕ್ಕೆ ತೇಲುವುದಿಲ್ಲ, ಮುಳುಗೋದು ಸುಲಭ. ನೀರೊಳಗೆ ರೆಕ್ಕೆ ಮುಚ್ಚಿಕೊಂಡು ಕಾಲಿನಿಂದಲೇ ಈಜುತ್ತದೆ, ನಾಲ್ಕೂ ಬೆರಳಿಗೆ ಜಾಲಪೊರೆ ಇದೆ. ಮೀನನ್ನು ಕೊಕ್ಕಿನ ಕೊಂಡಿಯಲ್ಲಿ ಹಿಡಿದು ಮೇಲೆ ತಂದು ತಲೆ ಕಡೆಯಿಂದ ನುಂಗುತ್ತದೆ.

ಕೆರೆದಂಡೆ:
ಥ್ಯಾಂಕ್ಸ್! ಕತ್ತು ಮಾತ್ರ ನೀರಿನ ಮೇಲೆ ಕಾಣುವ ಇನ್ನೊಂದು ಹಕ್ಕಿ ಇದೆಯಲ್ಲ, ಅದೂ ಇದೇ ಜಾತಿನಾ?

ಬೈನಾಕ್ಯುಲರ್:
ಅದು ಹಾವಕ್ಕಿ, ಸಂಬಂಧಿಯೇ ಆದರೂ ಕುಟುಂಬ ಬೇರೆ. ಕೊಕ್ಕಿನ ತುದಿಯಲ್ಲಿ ಕೊಂಡಿ ಇಲ್ಲ, ಈಟಿ ಥರ ಚೂಪು, ಮೀನನ್ನು ಚುಚ್ಚಿಯೇ ಹಿಡಿಯುತ್ತದೆ. ಅದೂ ರೆಕ್ಕೆ ಒಣಗಿಸುತ್ತದೆ, ದೂರದಿಂದ ಗೊಂದಲ ಆಗೋದು ಅಲ್ಲೇ. ಎಲ್ಲವನ್ನೂ ಹತ್ತಿರದಿಂದ ಹೋಲಿಸಿ ನೋಡಬೇಕಾದರೆ ರಂಗನತಿಟ್ಟಿಗೆ ಹೋಗಿ. 1940ರಿಂದ ಪಕ್ಷಿಧಾಮ, ಅಲ್ಲಿ ದೋಣಿಯಲ್ಲೇ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಗೂಡು ಕಂಡರೆ ದೋಣಿಯವರಿಗೆ ಇನ್ನೂ ಹತ್ತಿರ ಹೋಗಿ ಅಂತ ಮಾತ್ರ ಹೇಳಬೇಡಿ, ದೊಡ್ಡ ಹಕ್ಕಿ ಹೆದರಿ ಎದ್ದರೆ ಮೊಟ್ಟೆ, ಮರಿಗಳು ಕಾಗೆ-ಹದ್ದುಗಳ ಪಾಲಾಗುತ್ತವೆ.